ಹಲಸಿನ ಮರದ ಸ್ಟಾಕ್, ಎಡಗಣ್ಣಿನ ಗುರಿ: 10 ಮೀಟರ್ ಏರ್ ರೈಫಲ್ ಕಟ್ಟಿದ ದಾಖಲೆ

ಅಣ್ಣನ ಮಗಳು ಪುಟ್ಟಿ ಬರೆಯುವುದು, ಉಣ್ಣುವುದು ಎಲ್ಲ ಬಲಗೈಯಲ್ಲಿ. ಗುರಿ ಹಿಡಿಯುವುದು ಮಾತ್ರ ಎಡಗಣ್ಣಿನಲ್ಲಿ. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಬಿಟ್ಟು, ದೂರದ ಸ್ವಿಚ್ಚನ್ನು ಎರಡು ಕಣ್ಣೂ ತೆರೆದು ನೋಡು ಎಂದೆ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿಸಿದೆ. ಎಡಗಣ್ಣು ಮುಚ್ಚಿದಾಗಲೆಲ್ಲ ಸ್ವಿಚ್ಚು ಕಿಂಡಿಯಿಂದ ಮಾಯ. ಅಂದರೆ ಅವಳ ಪ್ರಬಲ ಕಣ್ಣು ಎಡದ್ದು. ಅವಳು ಕ್ಲಬ್ಬಿನಲ್ಲಿ ಹಿಡಿಯುತ್ತಿದ್ದುದು ಬಲಗೈಯವರಿಗೆಂದು ಮಾಡಿದ, ಅದೂ ದೊಡ್ಡ ಆಳಿನ ಅಳತೆಯ ರೈಫಲ್. ಕೆನ್ನೆ ಒರಗುವ ಭಾಗ ತಪ್ಪು ಬದಿಯಲ್ಲಿ, ಹಿಡಿ ತಪ್ಪು ತಿರುವಿನಲ್ಲಿ. ಎಡಬದಿಯ ಸ್ಟಾಕ್ (ಭುಜಕ್ಕೂ ಕೆನ್ನೆಗೂ ಒರಗುವ ಮರದ ಮೈ) ಇರುವ ಹಳೆಯ ರೈಫಲ್ ಹುಡುಕಿದೆವು, ಸಿಗಲಿಲ್ಲ. ಹೊಸದರ ಬೆಲೆ ಲಕ್ಷಗಳಲ್ಲಿ. ಹಾಗಾಗಿ ಹಳೆಯ ಆಕ್ಷನ್ (ಟ್ರಿಗರ್, ಗಾಳಿ ಬಿಡುವ ಕವಾಟ ಇರುವ ಯಂತ್ರಭಾಗ) ಮತ್ತು ಬ್ಯಾರಲ್ (ನಳಿಗೆ) ಕೊಂಡು ಅವಳ ಮೈಗೆ ಹೊಂದುವ ಸ್ಟಾಕ್ ಕಟ್ಟಿ, ಆ ಬ್ಯಾರಲ್ಲಿಗೆ ಒಪ್ಪುವ ಪೆಲ್ಲೆಟ್ (ಸೀಸದ ಸಣ್ಣ ಗುಂಡು) ಹುಡುಕುವುದೆಂದು ನಿಶ್ಚಯಿಸಿದೆವು. ಈಗ ರೈಫಲ್ ಮುಗಿದಿದೆ. ಕೆಲಸ ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಕೆಟ್ಟ ಭಾಗಗಳನ್ನು ಹೆಚ್ಚು ವಿವರವಾಗಿ ಬರೆದಿದ್ದೇನೆ, ಇನ್ನೊಬ್ಬರಿಗೆ ದುಡ್ಡು ಉಳಿಸುವುದು ಆ ಭಾಗವೇ.

ಮೊದಲೇ ಹೇಳಬೇಕಾದ ಒಂದು ಮಾತು. ಇದು ಮದ್ದಿನ ಬಂದೂಕಲ್ಲ, ಗಾಳಿಯ ರೈಫಲ್. ನಮ್ಮ ದೇಶದಲ್ಲಿ 4.5 ಮಿಮೀ ಬೋರಿನ, 20 ಜೌಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. 10 ಮೀಟರ್ ಸ್ಪರ್ಧೆಯ ರೈಫಲ್ ಅದರ ಅರ್ಧಕ್ಕೂ ಹೋಗುವುದಿಲ್ಲ. 0.53 ಗ್ರಾಂ ಪೆಲ್ಲೆಟ್ ಸೆಕೆಂಡಿಗೆ 172 ಮೀಟರ್ ವೇಗದಲ್ಲಿ ಹೊರಟರೆ ಲೆಕ್ಕ 8 ಜೌಲ್‌ಗಿಂತ ಕಡಿಮೆಯೇ. ಆದರೂ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಮನೆಯಲ್ಲಿ ಪರೀಕ್ಷೆ ಮಾಡುವಾಗೆಲ್ಲ ಕನ್ನಡಕ, ಮುಚ್ಚಿದ ಬಾಗಿಲು, ಹಿಂದೆ ಉಕ್ಕಿನ ಪೆಟ್ಟಿಗೆ. ಇದರಲ್ಲಿ ರಿಯಾಯಿತಿ ಇಲ್ಲ.

1. ಆಕ್ಷನ್ ಕೊಂಡಾಗ ನೋಡಿದ್ದು

ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಡುವ ಬಗೆಯದು, ಭರ್ತಿ ಒತ್ತಡ 200 ಬಾರ್. ಬೆಲೆ 78,000 ರೂಪಾಯಿ, ಗುರಿ ನೋಡುವ ಹಿಂದಿನ ಡಯಾಪ್ಟರ್ ಸೈಟ್ (ಸಣ್ಣ ತೂತಿನದು) ಮತ್ತು ಮುಂದಿನ ಸುರಂಗ ಸೈಟ್ (ಕೊಳವೆಯೊಳಗೆ ಉಂಗುರ ಇರುವುದು) ಸೇರಿ. ಕೊಳ್ಳುವ ಮೊದಲು ಸಿಲಿಂಡರಿನ ಮೇಲೆ ಕೆತ್ತಿದ ದಿನಾಂಕ ಓದಿ. ಸ್ಪರ್ಧೆಯ ರೈಫಲ್‌ಗಳ ಸಿಲಿಂಡರಿಗೆ ತಯಾರಕರು ಸಾಮಾನ್ಯವಾಗಿ 10 ವರ್ಷದ ಆಯುಷ್ಯ ಹೇಳಿರುತ್ತಾರೆ. ನಮ್ಮದಕ್ಕೆ ಇನ್ನೂ 4 ವರ್ಷ ಉಳಿದಿತ್ತು. ಅವಧಿ ಮುಗಿದದ್ದನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೆ ಹೊಸ ಸಿಲಿಂಡರಿನ ಬೆಲೆ ಸೇರಿಸಿಯೇ ಲೆಕ್ಕ ಹಾಕಿ.

ಬ್ಯಾರಲ್ಲಿನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದೆವು, ಗೀರು ಇರಲಿಲ್ಲ. ಗಾಳಿ ತುಂಬಿ ರಾತ್ರಿ ಇಟ್ಟು ಬೆಳಿಗ್ಗೆ ನೋಡಿದಾಗ ಒತ್ತಡ ತೋರಿಸುವ ಮುಳ್ಳು ಅಲುಗಿರಲಿಲ್ಲ. ರೆಗ್ಯುಲೇಟರ್, ಅಂದರೆ ಪ್ರತಿ ಹೊಡೆತಕ್ಕೂ ಒಂದೇ ಒತ್ತಡದ ಗಾಳಿ ಬಿಡುವ ಭಾಗ, ಹೇಗಿದೆ ಎಂದು ತಿಳಿಯಲು ವೇಗಮಾಪಕ ಬೇಕು. ಅದು ಆಗ ಕೈಯಲ್ಲಿರಲಿಲ್ಲ. ಆ ಕಥೆ ಆರನೆಯ ಹಂತದಲ್ಲಿ ಬರುತ್ತದೆ.

2. ಪ್ಯಾಕಿಂಗ್ ಮರದ ಮಾದರಿ

ಇಡೀ ಕೆಲಸದಲ್ಲಿ ಅತ್ಯಂತ ಲಾಭದ ಹಂತ ಇದು. ಒಳ್ಳೆಯ ಮರಕ್ಕೆ ಗರಗಸ ಹಾಕುವ ಮೊದಲು ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆಗಳನ್ನು ಸ್ಕ್ರೂ ಹೊಡೆದು ಜೋಡಿಸಿ ಒಡ್ಡೊಡ್ಡಾದ ಮಾದರಿ ಮಾಡಿದೆ. ಕೆನ್ನೆಯ ಹಲಗೆ, ಭುಜದ ಹಲಗೆ, ಮುಂಗೈ ಕೆಳಗಿನ ದಿಮ್ಮಿ ಎಲ್ಲಕ್ಕೂ ಉದ್ದನೆಯ ಸೀಳು ತೂತು, ಬೇಕಾದಂತೆ ಸರಿಸಬಹುದು. ಪುಟ್ಟಿ ದಿನಾ ಸಂಜೆ ಅದನ್ನು ಹಿಡಿದು ಗೋಡೆಯ ಮೇಲಿನ ಕಪ್ಪು ಚುಕ್ಕೆಗೆ ಗುರಿ ಇಟ್ಟು ನಿಲ್ಲುತ್ತಿದ್ದಳು. ಬ್ಯಾರಲ್ ಜಾಗದಲ್ಲಿ ಜಿಐ ಪೈಪು, ತೂಕಕ್ಕೆ ಒಳಗೆ ಮರಳು.

"ಚಿಕ್ಕಪ್ಪಾ, ಕಣ್ಣು ಮುಚ್ಚಿ ತೆಗೆದರೆ ಚುಕ್ಕೆ ಬಲಕ್ಕೆ ಹೋಗಿರತ್ತೆ" ಎಂದಳು. ಅದೇ ಬೇಕಾಗಿದ್ದ ಮಾಹಿತಿ. ಗುರಿ ಹಿಡಿದು ಕಣ್ಣು ಮುಚ್ಚಿ, ಎರಡು ಉಸಿರು ಬಿಟ್ಟು, ಕಣ್ಣು ತೆರೆದಾಗ ಸೈಟ್ ಎಲ್ಲಿರುತ್ತದೋ ಅದು ಮೈ ತಾನಾಗಿ ನಿಲ್ಲುವ ಜಾಗ. ಅಲ್ಲಿಂದ ಎಳೆದು ತಂದರೆ ಸ್ನಾಯು ದಣಿಯುತ್ತದೆ, ಹೊಡೆತ ಜಾರುತ್ತದೆ. ಕಾಲಿನ ದಿಕ್ಕು ಬದಲಿಸಿದಾಗ ಅಡ್ಡದ ದೋಷ ಹೋಯಿತು. ಎತ್ತರದ ದೋಷ ಹೋಗಿದ್ದು ಭುಜದ ತಟ್ಟೆಯನ್ನು 14 ಮಿಮೀ ಕೆಳಗಿಳಿಸಿದಾಗ.

ಕೊನೆಗೆ ನಿಂತ ಅಳತೆಗಳು: ಅವಳ ಎತ್ತರ 151 ಸೆಂಮೀ. ಟ್ರಿಗರಿನಿಂದ ಭುಜದ ತಟ್ಟೆಯವರೆಗೆ 268 ಮಿಮೀ, ಅದು 320ರವರೆಗೆ ಬೆಳೆಯಬೇಕು, ಹುಡುಗಿ ಇನ್ನೂ ಬೆಳೆಯುತ್ತಿದ್ದಾಳೆ. ಬ್ಯಾರಲ್ಲಿನ ನಡುಗೆರೆಯಿಂದ ಮುಂಭಾಗದ ತಳದವರೆಗೆ 112 ಮಿಮೀ. ಅಂತರರಾಷ್ಟ್ರೀಯ ನಿಯಮದ ಮಿತಿ ಇಲ್ಲಿ 120. ಹಿಡಿಯ ತಳ 160 ಮಿಮೀ ಮೀರಬಾರದು, ಮುಂಭಾಗದ ದಪ್ಪ 60 ಮಿಮೀ, ಕೆನ್ನೆಯ ಭಾಗ ನಡುಗೆರೆಯಿಂದ 40 ಮಿಮೀಗಿಂತ ಹೊರಗೆ ಹೋಗಬಾರದು, ಒಟ್ಟು ತೂಕ 5.5 ಕಿಲೋ ಒಳಗೆ. ಈ ಮಿತಿಗಳನ್ನು ಕಾಗದದಲ್ಲಿ ಬರೆದು ಕೆಲಸದ ಮೇಜಿನ ಮುಂದೆ ಅಂಟಿಸಿದ್ದೆ. ಸ್ಪರ್ಧೆಯ ದಿನ ಉಪಕರಣ ತಪಾಸಣೆಯಲ್ಲಿ 2 ಮಿಮೀ ಹೆಚ್ಚಿದೆ ಎಂದರೆ ಅಲ್ಲೇ ಅರ ಹಿಡಿದು ಉಜ್ಜಬೇಕಾಗುತ್ತದೆ.

ಹಿಡಿಯ ಆಕಾರಕ್ಕೆ ಎಂ-ಸೀಲ್. ಸಣ್ಣ ಮರದ ಕಡ್ಡಿಯ ಸುತ್ತ ದಪ್ಪಗೆ ಮೆತ್ತಿ, ಅವಳ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಸಿ, ಟ್ರಿಗರ್ ಬೆರಳು ಯಾವುದಕ್ಕೂ ತಾಗದಂತೆ ಹಿಡಿಸಿದೆ. ಗಟ್ಟಿಯಾದ ಮೇಲೆ ಅದನ್ನೇ ನೋಡಿ ಮರದಲ್ಲಿ ಕೆತ್ತುವುದು.

3. ಮರ

ಕೊಡಗಿನಲ್ಲಿ ನೆಂಟರ ಹಳೆ ಮನೆ ಕೆಡವಿದಾಗ ಉಳಿದ ಹಲಸಿನ ದಾರಂದ ಒಂದಿತ್ತು, 4 ಇಂಚು ಅಗಲ, 3 ಇಂಚು ದಪ್ಪ. ದಶಕಗಳ ಕಾಲ ಒಣಗಿದ್ದ ಮರ. ಬೀಟೆ ನೋಡಲು ಚಂದ, ಆದರೆ ಭಾರ. ತೇಗದಲ್ಲಿ ಎಣ್ಣೆಯಂಶವಿದೆ, ಅಂಟು ಹಿಡಿಯಲು ತಕರಾರು ಮಾಡುತ್ತದೆ, ಉಳಿಯ ಬಾಯಿಯನ್ನೂ ಬೇಗ ಮೊಂಡು ಮಾಡುತ್ತದೆ. ಹಲಸು ಹಗುರ, ಉಳಿಗೆ ಬಗ್ಗುತ್ತದೆ, ಒಣಗಿದ ಮೇಲೆ ಅಷ್ಟಾಗಿ ತಿರುಚಿಕೊಳ್ಳುವುದಿಲ್ಲ. ವೀಣೆ, ಮೃದಂಗಕ್ಕೆ ಇದನ್ನೇ ಆರಿಸುವವರು ಸುಮ್ಮನೆ ಆರಿಸಿಲ್ಲ.

ಮರ ಕೊಯ್ಯಿಸಿದ್ದು ವಿರಾಜಪೇಟೆ ಕಡೆಯ ಹಿರಿಯ ಆಚಾರ್ರ ಹತ್ತಿರ. ಕೋವಿಯ ಮರ ಒಡೆದರೆ ಸುತ್ತಲಿನ ಊರಿನವರು ಅವರಲ್ಲಿಗೇ ತರುತ್ತಾರೆ. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ಸಮಯದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಊರೂರಲ್ಲಿ ನಡೆಯುತ್ತದಲ್ಲ, ಅದಕ್ಕೆ ಮುಂಚಿನ ತಿಂಗಳು ಅವರಿಗೆ ಬಿಡುವಿರುವುದಿಲ್ಲ. ದಾರಂದದ ಮೇಲೆ ಆಯಸ್ಕಾಂತ ಆಡಿಸಿ ಮೊಳೆ ಹುಡುಕಿದ ಮೇಲೆಯೇ ಗರಗಸಕ್ಕೆ ಕೊಟ್ಟರು. ಎರಡು ತುಕ್ಕು ಮೊಳೆ ಸಿಕ್ಕವು. "ಒಂದೇ ತುಂಡಿನಲ್ಲಿ ಮಾಡಬೇಡಿ, ಮೂರು ಪದರ ಮಾಡಿ, ನಡುವಿನದರ ನಾರು ತಿರುಗಿಸಿ" ಎಂದರು. 22 ಮಿಮೀ ಹಲಗೆಗಳು ಬಂದವು. ಉಜ್ಜುಗೊರಡು ಹಾಕಿ 18ಕ್ಕೆ ತಂದೆ. ಮೂರು ಸೇರಿ 54 ಮಿಮೀ.

ಅಂಟಿಸುವ ಮೊದಲ ಪ್ರಯತ್ನ ಕೆಟ್ಟಿತು. ಎಪಾಕ್ಸಿ ಬಳಿದು ಸಿ ಕ್ಲಾಂಪುಗಳನ್ನು ಬಲವಾಗಿ ಬಿಗಿದಿದ್ದೆ. ಅಂಟೆಲ್ಲ ಹೊರಗೆ ಹಿಂಡಿಹೋಗಿ ಒಳಗೆ ಪದರವೇ ಉಳಿದಿರಲಿಲ್ಲ. ಮರುದಿನ ಅಂಚು ಕೊಯ್ಯುವಾಗ ಒಂದು ಬದಿ ಸೀಳಿಕೊಂಡು ಬಿಟ್ಟಿತು. ಬಿಳಿ ಗೋಂದಿಗೆ ಬಿಗಿ ಒತ್ತಡ ಬೇಕು, ಎಪಾಕ್ಸಿಗೆ ಬೇಡ. ಪದರ ಕೂಡಿದರೆ ಸಾಕು. ಬಿಟ್ಟ ಮೇಲ್ಮೈಗಳನ್ನು 80 ನಂಬರ್ ಉಪ್ಪುಕಾಗದದಲ್ಲಿ ಒರಟು ಮಾಡಿ, ಥಿನ್ನರಿನಲ್ಲಿ ಒರೆಸಿ, ಕ್ಲಾಂಪುಗಳನ್ನು ಬೆರಳಲ್ಲೇ ತಿರುಗಿಸುವಷ್ಟು ಮಾತ್ರ ಬಿಗಿದು ಮತ್ತೆ ಅಂಟಿಸಿದೆ. ಅದು ಈಗಲೂ ಗಟ್ಟಿ ಇದೆ.

4. ಆಕ್ಷನ್ ಕೂರಿಸುವುದು

ದೀಪದ ಮಸಿಗೆ ಎರಡು ಹನಿ ಎಣ್ಣೆ ಕಲಸಿ ಆಕ್ಷನ್ನಿನ ತಳಕ್ಕೆ ತೆಳ್ಳಗೆ ಸವರಿ ಅದಕ್ಕೆಂದು ಮರದಲ್ಲಿ ಕೆತ್ತಿದ ಗುಂಡಿಯಲ್ಲಿ ಇಳಿಸಿದರೆ, ಎಲ್ಲಿ ತಾಗುತ್ತದೋ ಅಲ್ಲಿ ಮರ ಕಪ್ಪಾಗುತ್ತದೆ. ಕಪ್ಪಾದಷ್ಟನ್ನೇ ಉಳಿಯಲ್ಲಿ ತೆಗೆಯಬೇಕು. ಮತ್ತೆ ಇಳಿಸು, ಮತ್ತೆ ತೆಗೆ. ಬೇಸರದ ಕೆಲಸ, ಆದರೆ ಅವಸರ ಮಾಡಿದರೆ ಗುಂಡಿ ಸಡಿಲವಾಗುತ್ತದೆ.

ಇಲ್ಲಿ ಮುಖ್ಯ ಸಂಗತಿ ಒಂದಿದೆ. ಬ್ಯಾರಲ್ಲಿಗೂ ಅದರ ಕೆಳಗಿನ ಸಿಲಿಂಡರಿಗೂ ಮರ ಎಲ್ಲೂ ತಾಗಕೂಡದು. ಸಿಲಿಂಡರಿನ ಒತ್ತಡ 200ರಿಂದ ಇಳಿಯುತ್ತ ಹೋದಂತೆ ಅದರ ಅಳತೆ ಕೂದಲೆಳೆಯಷ್ಟು ಬದಲಾಗುತ್ತದೆ. ಅದು ಮರಕ್ಕೆ ಒತ್ತಿದರೆ ಬ್ಯಾರಲ್ಲನ್ನೂ ತಳ್ಳುತ್ತದೆ. ಸುತ್ತ 2 ಮಿಮೀ ಸಂದು ಬಿಟ್ಟೆ. ಮಡಚಿದ ಪೋಸ್ಟ್‌ಕಾರ್ಡ್ ಸಲೀಸಾಗಿ ಓಡಬೇಕು.

ಬರೀ ಮರದ ಮೇಲೆ ಕೂರಿಸಿ ಎರಡು ಎಂ6 ಬೋಲ್ಟ್ ಬಿಗಿದು, ಮುಂಭಾಗಕ್ಕೆ ಡಯಲ್ ಗೇಜ್ (ಕೂದಲೆಳೆಯ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆಯ ಉಪಕರಣ) ಕಟ್ಟಿ, ಅದರ ಮೊನೆಯನ್ನು ಬ್ಯಾರಲ್ಲಿಗೆ ತಾಗಿಸಿದೆ. ಹಿಂದಿನ ಬೋಲ್ಟ್ ಸಡಿಲಿಸಿದಾಗ ಮುಳ್ಳು 0.16 ಮಿಮೀ ಓಡಿತು. ಬೋಲ್ಟ್ ಬಿಗಿದಾಗಲೆಲ್ಲ ಆಕ್ಷನ್ ಬಗ್ಗುತ್ತಿದೆ ಎಂದು ಅದರ ಅರ್ಥ. ಕಣ್ಣಿಗೆ ಮಟ್ಟಸವಾಗಿ ಕಂಡಿದ್ದ ಗುಂಡಿ ಅದು. ಡಯಲ್ ಗೇಜ್ ಇಲ್ಲದೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಲೇತ್ ಅಂಗಡಿಯಿಂದ ಒಂದು ದಿನಕ್ಕೆ ಕೇಳಿ ತಂದದ್ದು.

ಹಾಗಾಗಿ ಬೆಡ್ಡಿಂಗ್. ಎರಡೂ ಬೋಲ್ಟುಗಳ ಸುತ್ತ ಮರವನ್ನು 3 ಮಿಮೀ ಆಳಕ್ಕೆ ತೆಗೆದು, ಉಕ್ಕಿನ ಪುಡಿ ಬೆರೆತ ಎಪಾಕ್ಸಿ ತುಂಬಿ, ಆಕ್ಷನ್ನಿಗೆ ಮೇಣ ಹಚ್ಚಿ ಅದರ ಮೇಲೆ ಕೂರಿಸುವುದು. ಬೋಲ್ಟಿನ ತೂತು, ಟ್ರಿಗರಿನ ಕಿಂಡಿ, ತಳದ ಗೀರುಗಳು ಎಲ್ಲವನ್ನೂ ಮಕ್ಕಳ ಮೇಣದ ಮಣ್ಣಿನಿಂದ ಮುಚ್ಚಬೇಕು. ಅಲ್ಲಿ ಎಪಾಕ್ಸಿ ಇಳಿದು ಗಟ್ಟಿಯಾದರೆ ಆಕ್ಷನ್ ಹೊರಬರುವುದಿಲ್ಲ, ಸ್ಟಾಕ್ ಒಡೆಯಬೇಕಾಗುತ್ತದೆ. ಮೇಣವನ್ನು ಎರಡು ಸಲ ಹಚ್ಚಿ ಎರಡು ಸಲವೂ ಉಜ್ಜಿದೆ.

ಮೊದಲ ಸುರಿತದಲ್ಲಿ ಗುಳ್ಳೆ ಬಂತು. ಎಪಾಕ್ಸಿಯನ್ನು ಜೋರಾಗಿ ಕಲಸಿದ್ದರಿಂದ ಗಾಳಿ ಸೇರಿ ಹಿಂದಿನ ಪಟ್ಟಿಯಲ್ಲಿ ಬಟಾಣಿಯಷ್ಟು ದೊಡ್ಡ ಕುಳಿ ಬಿದ್ದಿತ್ತು. ಗೇಜಿನಲ್ಲಿ 0.07. ಪಟ್ಟಿಯನ್ನು ಕೆರೆದು ಮತ್ತೆ ಹಾಕಿದೆ. ಈ ಸಲ ನಿಧಾನ ಕಲಸಿ, ಹಾಳೆಯ ಮೇಲೆ ತೆಳ್ಳಗೆ ಹರಡಿ ಗುಳ್ಳೆ ಒಡೆಯಲು ಬಿಟ್ಟು, ಒಂದು ತುದಿಯಿಂದ ಇನ್ನೊಂದು ತುದಿಗೆ ತುಂಬಿಕೊಂಡು ಹೋದೆ. ಬೋಲ್ಟ್ ಬಿಗಿಯದೆ, ಆಕ್ಷನ್ ತನ್ನ ಭಾರಕ್ಕೇ ಕೂರುವಂತೆ ಸೈಕಲ್ ಟ್ಯೂಬಿನ ಪಟ್ಟಿ ಒಂದು ಸುತ್ತು ಸುತ್ತಿ 24 ಗಂಟೆ ಬಿಟ್ಟೆ. ಈಗ ಗೇಜಿನಲ್ಲಿ 0.02 ಮಿಮೀ. ಅದಕ್ಕಿಂತ ಕೆಳಗೆ ತರುವ ಹಟ ಹಿಡಿಯಲಿಲ್ಲ.

5. ಭುಜದ ತಟ್ಟೆ, ಕೆನ್ನೆ, ಟ್ರಿಗರ್

ಭುಜದ ತಟ್ಟೆ ಹಿಂದೆ ಮುಂದೆ ಸರಿಯಲು 12 ಮಿಮೀ ಅಲ್ಯೂಮಿನಿಯಂ ಸರಳು ಎರಡು. ಅವಕ್ಕೆ ಸ್ಟಾಕಿನಲ್ಲಿ 110 ಮಿಮೀ ಆಳದ ಎರಡು ಸಮಾನಾಂತರ ತೂತು. ಕೈ ಡ್ರಿಲ್ಲಿನಲ್ಲಿ ಕೊರೆದೆ. ಬಾಯಿಯಲ್ಲಿ ಸರಿ ಇದ್ದವು, ತಳದಲ್ಲಿ ಒಂದು ತೂತು 1.5 ಮಿಮೀ ಓಡಿತ್ತು. ಸರಳು ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಇಷ್ಟು ಆಳದ ತೂತಿಗೆ ಕೈ ಡ್ರಿಲ್ ಆಗುವುದೇ ಇಲ್ಲ, ಮೃದು ನಾರು ಇರುವ ಕಡೆಗೆ ಬೈರಿಗೆ ತಿರುಗಿಬಿಡುತ್ತದೆ. ತೂತುಗಳಿಗೆ ಅದೇ ಹಲಸಿನ ಗೂಟ ಕಡೆದು ಅಂಟಿಸಿ ಮುಚ್ಚಿ, ಲೇತ್ ಅಂಗಡಿಗೆ ಒಯ್ದೆ. ಮಿಲ್ಲಿಂಗ್ ಮೇಜಿಗೆ ಸ್ಟಾಕ್ ಕಟ್ಟಿ 14 ಮಿಮೀ ಕೊರೆದು ಹಿತ್ತಾಳೆ ಬುಷ್ ಹಾಕಿಕೊಟ್ಟರು. ಈಗ ಸರಳು ಬೆರಳಲ್ಲಿ ಜಾರುತ್ತದೆ, ಒಂದು ಸ್ಕ್ರೂ ಬಿಗಿದರೆ ಅಲುಗುವುದಿಲ್ಲ. ತಟ್ಟೆಯ ಬಾಗು 18 ಮಿಮೀ, ನಿಯಮದ ಮಿತಿ 20.

ಕೆನ್ನೆಯ ಭಾಗವನ್ನೂ ಇದೇ ಬಗೆಯ ಸರಳಿನ ಮೇಲೆ ನಿಲ್ಲಿಸಿದೆ. ಅಗಸೆ ಎಣ್ಣೆಯ ಪಾಲಿಶ್ ಹಾಕುವ ಆಸೆ ಇತ್ತು. ಮಳೆಗಾಲದ ತೇವಕ್ಕೆ ಅದು ವಾರಗಟ್ಟಲೆ ಅಂಟಂಟಾಗಿಯೇ ಉಳಿಯಿತು, ಕೆನ್ನೆಗೆ ಮೆತ್ತಿಕೊಳ್ಳುತ್ತಿತ್ತು. ಉಜ್ಜಿ ತೆಗೆದು ಪಾಲಿಯುರೆಥೇನ್ ಹೊಡೆದೆ. ಆಕ್ಷನ್ ಕೂರುವ ಗುಂಡಿಯ ಒಳಗೋಡೆಗೆ ತೆಳು ಎಪಾಕ್ಸಿ. ಹೊರಗೆ ಹೊಳಪು ಕೊಟ್ಟು ಒಳಗೆ ಬರಿ ಮರ ಬಿಟ್ಟರೆ ತೇವ ಒಳಗಿಂದ ಏರುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನಾಗಿ ಬಿಸಿಯೇರಿ ಬೆಂಕಿ ಹಿಡಿಯುತ್ತದೆ. ನೀರಿನಲ್ಲಿ ಅದ್ದಿ, ಬಿಚ್ಚಿ, ಹೊರಗೆ ಹರಡಿ.

ಟ್ರಿಗರಿನ ಭಾರ ಅಳೆಯಲು ಖಾಲಿ ಪ್ಲಾಸ್ಟಿಕ್ ಬಾಟಲಿ, ದಾರ, ನೀರು. ಬಾಟಲಿಯನ್ನು ಟ್ರಿಗರಿಗೆ ತೂಗುಬಿಟ್ಟು ಸಿರಿಂಜಿನಿಂದ ನೀರು ಬಿಡುತ್ತ ಹೋಗಿ, ಬಿಡುಗಡೆಯಾದಾಗ ಬಾಟಲಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಆಯಿತು. ರೈಫಲ್ ಖಾಲಿ, ಡ್ರೈ ಫೈರ್ (ಗಾಳಿ ಬಿಡದೆ ಟ್ರಿಗರ್ ಮಾತ್ರ ಎಳೆಯುವ) ಸ್ಥಾನದಲ್ಲಿ. ಏರ್ ರೈಫಲ್‌ಗೆ ಟ್ರಿಗರ್ ಭಾರದ ಕನಿಷ್ಠ ಮಿತಿ ಇಲ್ಲ. 80 ಗ್ರಾಂ ಇಟ್ಟಾಗ ಅವಳಿಗೆ ಗೊತ್ತಾಗುವ ಮೊದಲೇ ಹೊಡೆತ ಹೋಗುತ್ತಿತ್ತು. ಈಗ ಒಟ್ಟು 110 ಗ್ರಾಂ, ಅದರಲ್ಲಿ ಮೊದಲ ಹಂತವೇ, ಅಂದರೆ ಗೋಡೆಯಂತೆ ತಡೆ ಸಿಗುವವರೆಗಿನ ಎಳೆತವೇ, 65. ಬೆರಳು ಗೋಡೆಗೆ ತಾಗಿ ನಿಂತಿದ್ದು ಅವಳಿಗೆ ತಿಳಿಯುತ್ತದೆ.

ತೂಕ: ಆಕ್ಷನ್, ಬ್ಯಾರಲ್, ಸಿಲಿಂಡರ್ 2.62 ಕಿಲೋ. ಸೈಟ್‌ಗಳು 0.30. ಸ್ಟಾಕಿನ ಮರ 1.02. ಅಲ್ಯೂಮಿನಿಯಂ, ಬೋಲ್ಟು 0.31. ಒಟ್ಟು 4.25.

6. ವೇಗ ಮತ್ತು ರೆಗ್ಯುಲೇಟರ್

ವೇಗಮಾಪಕವನ್ನು ಕ್ಲಬ್ಬಿನ ಹಿರಿಯರೊಬ್ಬರು ಕೊಟ್ಟರು. ಒಂದರ ಹಿಂದೊಂದು ಹೊಡೆದಾಗ ಸೆಕೆಂಡಿಗೆ 170ರಿಂದ 172 ಮೀಟರ್. ಚೆನ್ನಾಗಿದೆ ಅನಿಸಿತು. ಮೂರು ನಿಮಿಷ ಬಿಟ್ಟು ಹೊಡೆದರೆ ಮೊದಲನೆಯದು 176. ಮತ್ತೆ ಬಿಟ್ಟು ಹೊಡೆದೆ, ಮತ್ತೆ 176. ಸುಮ್ಮನಿದ್ದಾಗ ಸಿಲಿಂಡರಿನ ಗಾಳಿ ರೆಗ್ಯುಲೇಟರ್ ದಾಟಿ ಮುಂದಿನ ಕೋಣೆಗೆ ಮೆಲ್ಲನೆ ಜಿನುಗುತ್ತಿದೆ, ಅಲ್ಲಿ ಒತ್ತಡ ಏರುತ್ತಿದೆ ಎಂಬುದರ ಗುರುತು ಇದು.

5 ಮೀಟರ್ ವ್ಯತ್ಯಾಸ ಏನು ಮಹಾ ಎನ್ನಬೇಡಿ. 10 ಮೀಟರ್ ದೂರ ಕ್ರಮಿಸುವಾಗ ಪೆಲ್ಲೆಟ್ ಸುಮಾರು 17 ಮಿಮೀ ಕೆಳಗಿಳಿಯುತ್ತದೆ. ವೇಗ 2 ಮೀಟರ್ ಬದಲಾದರೆ ಆ ಇಳಿತ 0.4 ಮಿಮೀ ಬದಲಾಗುತ್ತದೆ, 5 ಮೀಟರಿಗೆ 1 ಮಿಮೀ. ಗುರಿಯ ನಡುವಿನ ಹತ್ತರ ಚುಕ್ಕೆಯೇ 0.5 ಮಿಮೀ. ದಶಮಾಂಶದ ಎಣಿಕೆಯಲ್ಲಿ ಪ್ರತಿ 0.25 ಮಿಮೀಗೆ 0.1 ಅಂಕ ಹೋಗುತ್ತದೆ. ಅಂದರೆ ಹುಡುಗಿ ಸರಿಯಾಗಿ ಹೊಡೆದರೂ ದೀರ್ಘ ವಿರಾಮದ ನಂತರದ ಪ್ರತಿ ಹೊಡೆತಕ್ಕೆ 0.4 ಅಂಕ ಗಾಳಿಪಾಲು. 60 ಹೊಡೆತದ ಪಂದ್ಯದಲ್ಲಿ ಅಂಥ ವಿರಾಮ ಎಷ್ಟೋ ಸಲ ಬರುತ್ತದೆ.

200 ಬಾರ್ ಗಾಳಿ ಹಾಯುವ ಭಾಗವನ್ನು ನಾನು ಬಿಚ್ಚಲಿಲ್ಲ, ನೀವೂ ಬಿಚ್ಚಬೇಡಿ. ಸಿಲಿಂಡರ್ ಕಳಚಿ ಮನೆಯಲ್ಲೇ ಇಟ್ಟು, ಉಳಿದ ಗಾಳಿ ಹೊರಬಿಟ್ಟು, ಆಕ್ಷನ್ ಮಾತ್ರ ಬೆಂಗಳೂರಿನ ತರಬೇತಾದ ಮೆಕ್ಯಾನಿಕ್ ಒಬ್ಬರಿಗೆ ಒಪ್ಪಿಸಿದೆ. ಸೀಟು ಮತ್ತು ಓ-ರಿಂಗ್ ಬದಲಿಸಿದರು. ಹೋಗಿ ಬರುವ ಖರ್ಚು ಸೇರಿ 2,800. ಈಗ ಹತ್ತು ನಿಮಿಷ ಬಿಟ್ಟು ಹೊಡೆದರೂ 171ರಿಂದ 173ರ ನಡುವೆ ಇರುತ್ತದೆ. ಇದನ್ನು ಸರಿ ಮಾಡದೆ ಪೆಲ್ಲೆಟ್ ಪರೀಕ್ಷೆಗೆ ಇಳಿದಿದ್ದರೆ ಒಂದು ಡಬ್ಬಿಯನ್ನೂ ನಂಬುವಂತಿರಲಿಲ್ಲ.

7. ಪೆಲ್ಲೆಟ್

ಮದ್ದಿನ ರೈಫಲ್‌ನವರು ಮದ್ದಿನ ಅಳತೆ, ಗುಂಡಿನ ಆಳ ಎಲ್ಲ ಬದಲಿಸಿ ನೋಡುತ್ತಾರೆ. ನಮಗಿರುವ ದಾರಿ ಮೂರೇ: ತಲೆಯ ಅಳತೆ, ತಯಾರಿಕೆಯ ಲಾಟ್ (ಒಂದೇ ಸಲ ತಯಾರಾದ ಕಂತು), ಡಬ್ಬಿಯೊಳಗಿನ ಆಯ್ಕೆ.

ಪರೀಕ್ಷೆಯ ಜಾಗ ಮಹಡಿ ಮೇಲಿನ ಶೀಟ್ ಶೆಡ್. 13 ಮೀಟರ್ ಉದ್ದ, ಎರಡೂ ತುದಿ ಮುಚ್ಚಿದ್ದು. ರೈಫಲನ್ನು ಮೊದಲು ಮರದ ಮೇಜಿನ ಮೇಲೆ ಕಟ್ಟಿದ್ದೆ. ಒಂದೇ ಡಬ್ಬಿಯ ಹತ್ತು ಹೊಡೆತ 11 ಮಿಮೀ ಹರಡಿದವು. ಮೇಜಿನ ಪಕ್ಕ ಯಾರಾದರೂ ಹೆಜ್ಜೆ ಹಾಕಿದರೆ ಸೈಟ್ ಅಲುಗುವುದು ಕಣ್ಣಿಗೇ ಕಾಣುತ್ತಿತ್ತು. ಇಟ್ಟಿಗೆಯ ಎರಡು ಕಂಬ ಕಟ್ಟಿ ಮೇಲೆ ಚಪ್ಪಡಿ ಕಲ್ಲು ಹಾಸಿ, ಆಂಗಲ್ ಕಬ್ಬಿಣದ ಹಿಡಿಕೆಗೆ ರಬ್ಬರ್ ಹಾಕಿ ರೈಫಲ್ ಬಿಗಿದೆ. ಅದೇ ಡಬ್ಬಿ 7 ಮಿಮೀ ಆಸುಪಾಸಿಗೆ ಬಂತು. ಮಧ್ಯಾಹ್ನ ಶೀಟು ಕಾಯುವುದರಿಂದ ಪರೀಕ್ಷೆ ಬೆಳಗಿನ ಹೊತ್ತಿನಲ್ಲಿ ಮಾತ್ರ. ಗುರಿಯ ಹಿಂದೆ 3 ಮಿಮೀ ಉಕ್ಕಿನ ಪೆಟ್ಟಿಗೆ, ಒಳಗೆ 45 ಡಿಗ್ರಿ ಓರೆ ತಗಡು, ಪೆಲ್ಲೆಟ್ ಕೆಳಗೆ ಬೀಳುತ್ತದೆ. ಪೆಲ್ಲೆಟ್ ಸೀಸದ್ದು. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯದೆ ತಿಂಡಿ ಮುಟ್ಟುವಂತಿಲ್ಲ ಎಂದು ಪುಟ್ಟಿಗೆ ಮಾತ್ರವಲ್ಲ, ನೋಡಲು ಬಂದ ಅವಳ ಗೆಳತಿಯರಿಗೂ ಹೇಳಿಟ್ಟಿದ್ದೆ.

ಐದು ಬಗೆಯ ಡಬ್ಬಿ ತಂದೆ, ಒಂದರಲ್ಲಿ 500. ಹೆಸರು ಬರೆಯುತ್ತಿಲ್ಲ, ಏಕೆಂದರೆ ಈ ಅಂಕಿಗಳು ಈ ಒಂದು ಬ್ಯಾರಲ್ಲಿಗೆ ಸೇರಿದ್ದು. ಪಕ್ಕದವರ ರೈಫಲ್ ಬೇರೆಯದನ್ನೇ ಇಷ್ಟಪಡಬಹುದು. ಅಕ್ಷರಗಳಿಂದ ಗುರುತಿಸುತ್ತೇನೆ: ‘ಅ’, ‘ಆ’, ‘ಇ’ ಮೂರೂ ಒಂದೇ ತಯಾರಿಕೆ, ತಲೆ ಕ್ರಮವಾಗಿ 4.49, 4.50, 4.51 ಮಿಮೀ. ‘ಈ’ ಎಂಬುದು ಇನ್ನೊಂದು ತಯಾರಿಕೆಯ 4.50. ‘ಉ’ ಅಭ್ಯಾಸದ ಅಗ್ಗದ ಪೆಲ್ಲೆಟ್.

ಮೊದಲು ಐದೈದು ಹೊಡೆತ. ತೂತುಗಳ ಗುಂಪಿನ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಅಳತೆ: ಅ 5.7 ಮಿಮೀ, ಈ 5.9, ಆ 6.3, ಇ 6.6, ಉ 7.8. ಇಲ್ಲಿಗೇ ನಿಲ್ಲಿಸಿ ಅ ಡಬ್ಬಿಗಳನ್ನು ತರಿಸುವವರಿದ್ದೆವು. ನಿಲ್ಲಿಸದೆ ಪ್ರತಿಯೊಂದಕ್ಕೂ ಹತ್ತು ಹೊಡೆತದ ಐದು ಗುಂಪು ಹೊಡೆದು ಸರಾಸರಿ ತೆಗೆದಾಗ ಚಿತ್ರವೇ ಬದಲಾಯಿತು: ಆ 6.8, ಇ 7.1, ಈ 7.6, ಅ 7.9, ಉ 9.4. ಐದರಲ್ಲಿ ಮುಂದಿದ್ದದ್ದು ಐವತ್ತರಲ್ಲಿ ನಾಲ್ಕನೆಯದು. ಅ ಪೆಲ್ಲೆಟ್ಟಿನಲ್ಲಿ ಹತ್ತಕ್ಕೊಂದು ಹೊರಗೆ ಜಿಗಿಯುತ್ತಿತ್ತು. ಐದೇ ಹೊಡೆದರೆ ಆ ಒಂದು ಬಾರದೆಯೂ ಇರಬಹುದು, ಆಗ ಗುಂಪು ಚಂದ ಕಾಣುತ್ತದೆ. ಐದು ಹೊಡೆತದ ಚಂದದ ಗುಂಪಿನ ಫೋಟೊ ತೋರಿಸಿ ಇದೇ ಒಳ್ಳೆಯ ಪೆಲ್ಲೆಟ್ ಎಂದು ಯಾರಾದರೂ ಹೇಳಿದರೆ, ಉಳಿದ ನಲವತ್ತೈದು ತೋರಿಸಿ ಎಂದು ಕೇಳಿ. ನಾನು ಈ ಇಡೀ ದಾಖಲೆ ಬರೆಯಲು ಕೂತಿದ್ದೇ ಈ ಒಂದು ಪರೀಕ್ಷೆಗಾಗಿ. ಪೆಲ್ಲೆಟ್ಟಿನ ಬಗ್ಗೆ ನಮ್ಮಲ್ಲಿ ಓಡಾಡುವ ಹೆಚ್ಚಿನ ಮಾತುಗಳ ಹಿಂದೆ ಐದು ಹೊಡೆತಕ್ಕಿಂತ ಹೆಚ್ಚು ಇರುವುದಿಲ್ಲ, ಮಕ್ಕಳ ಅಪ್ಪ ಅಮ್ಮಂದಿರು ಅದನ್ನು ನಂಬಿ ಸಾವಿರಾರು ರೂಪಾಯಿ ಸುರಿಯುತ್ತಾರೆ.

6.8 ಎಂದರೆ ಎಷ್ಟು ಒಳ್ಳೆಯದು? ಪೆಲ್ಲೆಟ್ಟಿನ 4.5 ಕಳೆದರೆ ನಡುವಿನಿಂದ ನಡುವಿಗೆ 2.3 ಮಿಮೀ. ಸೈಟ್ ಸರಿ ಕೂಡಿಸಿದ್ದರೆ ಸಾಮಾನ್ಯವಾಗಿ ಹೊಡೆತ ಕೇಂದ್ರದಿಂದ ಸುಮಾರು 1.15 ಮಿಮೀಗಿಂತ ಆಚೆ ಹೋಗುವುದಿಲ್ಲ, ಅಂದರೆ 10.5ಕ್ಕಿಂತ ಕೆಳಗೆ ಬರುವುದಿಲ್ಲ.

ತೂಕ ನೋಡಿ ವಿಂಗಡಿಸುವ ಪ್ರಯತ್ನವನ್ನೂ ಮಾಡಿದೆವು. 0.001 ಗ್ರಾಂ ತೋರಿಸುವ ತಕ್ಕಡಿಯಲ್ಲಿ ‘ಆ’ ಡಬ್ಬಿಯ ಪೆಲ್ಲೆಟ್‌ಗಳು 0.527ರಿಂದ 0.537ರವರೆಗೆ ಇದ್ದವು. ಒಂದೇ ತೂಕದವನ್ನು ಆರಿಸಿ ಹೊಡೆದಾಗ ಸರಾಸರಿ 6.7, ಆರಿಸದೆ ಹೊಡೆದರೆ 6.8. ಲೆಕ್ಕವೂ ಅದನ್ನೇ ಹೇಳುತ್ತದೆ: ತೂಕ ಶೇಕಡಾ 1 ಬದಲಾದರೆ ವೇಗ ಸುಮಾರು 0.9 ಮೀಟರ್, ಗುರಿಯಲ್ಲಿ 0.17 ಮಿಮೀ. ರಾತ್ರಿಯೆಲ್ಲ ಕೂತು ತೂಗುವ ಶ್ರಮಕ್ಕೆ ತಕ್ಕ ಫಲವಿಲ್ಲ, ಬಿಟ್ಟುಬಿಟ್ಟೆವು. ಅದರ ಬದಲು ಗಾಜಿನ ಮೇಲೆ ಉರುಳಿಸುವುದು ಕೆಲಸಕ್ಕೆ ಬಂತು. ಸ್ವಲ್ಪ ಓರೆಯಾಗಿಟ್ಟ ಗಾಜಿನ ಮೇಲಿಂದ ಬಿಟ್ಟರೆ ಒಳ್ಳೆಯವೆಲ್ಲ ಒಂದೇ ಬಾಗಿನಲ್ಲಿ ಉರುಳಿ ಒಂದೇ ಕಡೆ ಸೇರುತ್ತವೆ. ಬಾಲದ (ಪೆಲ್ಲೆಟ್ಟಿನ ಹಿಂದಿನ ಟೊಳ್ಳು ಭಾಗದ) ಅಂಚು ಚಪ್ಪಟೆಯಾದವು ಕುಂಟುತ್ತ ಬೇರೆ ಕಡೆ ಹೋಗುತ್ತವೆ. ಕುಂಟಿದವನ್ನೇ ಆರಿಸಿ ಹೊಡೆದು ನೋಡಿದೆ, ಗುಂಪು 10 ಮಿಮೀ ದಾಟಿತು. ಅವನ್ನು ಅಭ್ಯಾಸದ ಡಬ್ಬಿಗೆ ಹಾಕುತ್ತೇವೆ.

ಲಾಟ್ ಬಗ್ಗೆ: ಅದೇ ‘ಆ’, ಅದೇ 4.50, ಬೇರೆ ಲಾಟ್ ನಂಬರಿನ ಡಬ್ಬಿ ಹೊಡೆದರೆ 8.0 ಬಂತು. ಹೆಸರು, ಅಳತೆ ಒಂದೇ ಆದರೂ ಸಾಲದು. ಅಂಗಡಿಯವರಿಗೆ ಲಾಟ್ ನಂಬರ್ ಓದಿ ಹೇಳಿ, ಒಳ್ಳೆಯ ಲಾಟಿನ 10 ಡಬ್ಬಿ ಒಟ್ಟಿಗೆ ತರಿಸಿಟ್ಟೆವು. ಒಣ ಜಾಗದಲ್ಲಿ, ಅಲುಗದಂತೆ. ಡಬ್ಬಿ ಕುಲುಕಿದರೆ ಬಾಲಗಳೇ ಮೊದಲು ಕೆಡುವುದು.

ಬ್ಯಾರಲ್ ಒಳಗೆ ಫೆಲ್ಟ್ (ಒತ್ತಿದ ಉಣ್ಣೆಯ ಬಿರಡೆ) ಹೊಡೆದು ಸ್ವಚ್ಛ ಮಾಡಿದ ಮೇಲೆ ಮೊದಲ ಹತ್ತು ಹದಿನೈದು ಹೊಡೆತ ಅಲೆದಾಡುತ್ತವೆ, ಆಮೇಲೆ ಕೂಡಿಕೊಳ್ಳುತ್ತವೆ. ಪಂದ್ಯದ ಹಿಂದಿನ ರಾತ್ರಿ ಸ್ವಚ್ಛ ಮಾಡುವುದು ಬೇಡ.

8. ಖರ್ಚು ಮತ್ತು ಈಗಿನ ಸ್ಥಿತಿ

ಮರ ಕೊಯ್ಸಿದ್ದು 600. ಎಪಾಕ್ಸಿ ಎರಡು ಬಗೆಯದು 1,450. ಅಲ್ಯೂಮಿನಿಯಂ ಮತ್ತು ಲೇತ್ ಕೆಲಸ 4,200. ಬುಷ್, ಬೋಲ್ಟು 750. ಪಾಲಿಶ್, ಉಪ್ಪುಕಾಗದ 1,100. ರೆಗ್ಯುಲೇಟರ್ 2,800. ಕಲ್ಲಿನ ಕಟ್ಟೆ 1,300. ಪರೀಕ್ಷೆಯ ಡಬ್ಬಿಗಳು 6,000. ಒಟ್ಟು 18,200, ಆಕ್ಷನ್ ಸೇರಿಸಿದರೆ 96,200. ಸಂಗ್ರಹಿಸಿಟ್ಟ 10 ಡಬ್ಬಿಗೆ ಬೇರೆ 11,500. ತೂಗುವ ತಕ್ಕಡಿ ಅಣ್ಣನ ಅಂಗಡಿಯದು.

ಪುಟ್ಟಿಯ ಸರಾಸರಿ ಹೊಡೆತಕ್ಕೆ 9.5 ಇದ್ದದ್ದು ಈಗ 10.0 ಮುಟ್ಟಿದೆ. ಅದರಲ್ಲಿ ರೈಫಲ್‌ನ ಪಾಲೆಷ್ಟು, ಅವಳ ಅಭ್ಯಾಸದ ಪಾಲೆಷ್ಟು ಎಂದು ಬೇರ್ಪಡಿಸಲಾಗದು. ಕುತ್ತಿಗೆ ನೋವು ಎನ್ನುತ್ತಿದ್ದವಳು ಈಗ ಪೂರ್ತಿ 60 ಹೊಡೆದು ಇಳಿಸುತ್ತಾಳೆ, ಅಷ್ಟು ಸ್ಟಾಕಿನಿಂದ ಬಂದದ್ದು ಎಂದು ಖಂಡಿತ ಹೇಳಬಲ್ಲೆ.

ಬಾಕಿ ಇರುವ ಕೆಲಸ ಎರಡು. ಮಳೆಗಾಲ ಕಳೆದು ಮರ ಒಣಗಿದಾಗ ಆಕ್ಷನ್ನಿನ ಬೋಲ್ಟುಗಳು ಕಾಲು ಸುತ್ತು ಸಡಿಲವಾಗಿದ್ದವು. ಬೋಲ್ಟು ಹಾಯುವ ತೂತಿಗೆ ಅಲ್ಯೂಮಿನಿಯಂ ಕೊಳವೆ ಕೂರಿಸಿ, ಬಿಗಿತವೆಲ್ಲ ಮರದ ಬದಲು ಲೋಹದ ಮೇಲೆ ಬೀಳುವಂತೆ ಮಾಡಬೇಕು. ಕೊಳವೆ ಕಡೆಸಿ ಆಗಿದೆ, ಬೆಡ್ಡಿಂಗ್ ಕೆಡದಂತೆ ತೂತು ಹಿಗ್ಗಿಸಲು ಮಿಲ್ಲಿಂಗ್ ಮೇಜು ಖಾಲಿಯಾಗುವುದನ್ನು ಕಾಯುತ್ತಿದ್ದೇನೆ. ಇನ್ನೊಂದು, ಮುಂದಿನ ಸೈಟಿನ ಉಂಗುರ. ಈಗಿರುವುದು 3.8 ಮಿಮೀ, ಕಪ್ಪು ವೃತ್ತದ ಸುತ್ತ ಬಿಳಿ ಕಡಿಮೆ ಕಾಣುತ್ತದೆ ಎನ್ನುತ್ತಾಳೆ. 4.2 ತರಿಸಿದ್ದೇನೆ. ಅದನ್ನೂ ಐವತ್ತು ಹೊಡೆತ ನೋಡಿಯೇ ಒಪ್ಪುವುದು.